ಮನೆಗೆ ಜನರೇಟರ್ ಜೋಡಿಸುವಾಗ: ಚೇಂಜ್‌ಓವರ್, ನ್ಯೂಟ್ರಲ್, ಅರ್ಥಿಂಗ್

ಜೂನ್ ಬಂತೆಂದರೆ ಮಲೆನಾಡು, ಕರಾವಳಿ ಕಡೆ ಜನರೇಟರ್ ವಿಚಾರಿಸುವವರು ಜಾಸ್ತಿಯಾಗುತ್ತಾರೆ. ಮರ ಬಿದ್ದು ಕಂಬ ಮುರಿದರೆ ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಸುತ್ತಲಿನ ಒಳಗಿನ ಮನೆಗಳಿಗೆ ಕರೆಂಟ್ ವಾಪಸ್ ಬರಲು ಎಷ್ಟು ದಿನ ಬೇಕೋ ಹೇಳಲಾಗದು. ಇನ್ವರ್ಟರ್ ಬ್ಯಾಟರಿ ಮೊದಲ ರಾತ್ರಿಯೇ ಕೈಕೊಡುತ್ತದೆ. ಆಗ ಪೇಟೆಯಿಂದ ಒಂದು ಜನರೇಟರ್ ಬರುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಬಂದು ವೈರ್ ಎಳೆದು, ಸ್ಟಾರ್ಟ್ ಮಾಡಿ, "ನೋಡಿ ಸಾರ್, ಲೈಟ್ ಉರೀತಲ್ಲ" ಎಂದು ಹೇಳಿ ಹೋಗುತ್ತಾರೆ.

ಲೈಟ್ ಉರಿಯುವಂತೆ ಮಾಡುವುದು ಸುಲಭ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ. ಜನರೇಟರ್ ಕರೆಂಟ್ ಯಾವ ದಾರಿಯಲ್ಲಾದರೂ ಬೀದಿಯ ಲೈನಿಗೆ ಹೋಗಲು ಸಾಧ್ಯವೇ? ಜನರೇಟರ್ ಓಡುವಾಗ ಯಾರಿಗಾದರೂ ಶಾಕ್ ಹೊಡೆದರೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತದೆಯೇ? ಮೊದಲನೆಯದನ್ನು ಹೆಚ್ಚಿನವರು ಕೇಳಿಯಾದರೂ ಇರುತ್ತಾರೆ. ಎರಡನೆಯದನ್ನು ಕೇಳುವವರೇ ಕಡಿಮೆ. ಅದಕ್ಕೇ ಈ ಲೇಖನದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ನೀವೇ ವೈರಿಂಗ್ ಮಾಡಲಿ ಎಂದು ಬರೆಯುತ್ತಿಲ್ಲ. ಎಲೆಕ್ಟ್ರಿಷಿಯನ್‌ಗೆ ಏನು ಹೇಳಬೇಕು, ಕೆಲಸ ಮುಗಿದ ಮೇಲೆ ಏನನ್ನು ಪರೀಕ್ಷಿಸಿ ಒಪ್ಪಿಕೊಳ್ಳಬೇಕು ಎಂದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಿಯಮ ಏನು ಹೇಳುತ್ತದೆ

ನಮ್ಮಲ್ಲಿ ಇದಕ್ಕೆಲ್ಲ ಬುಡ 2003ರ ವಿದ್ಯುತ್ ಕಾಯ್ದೆ. ಅದರ ಕೆಳಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. 2010ರ ಹಳೆಯ ನಿಯಮಗಳ ಜಾಗದಲ್ಲಿ ಈಗ 2023ರ ನಿಯಮಗಳು ಬಂದಿವೆ. ವೈರಿಂಗ್ ಹೇಗಿರಬೇಕು ಎಂಬುದಕ್ಕೆ ಐಎಸ್ (ಭಾರತೀಯ ಮಾನದಂಡ) 732, ಅರ್ಥಿಂಗ್‌ಗೆ ಐಎಸ್ 3043, ಎಲ್ಲವನ್ನೂ ಒಟ್ಟಾಗಿ ಹೇಳುವ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇವೆ. ಮನೆಯವರು ಇವನ್ನೆಲ್ಲ ಓದಬೇಕಿಲ್ಲ. ಆದರೆ ಹೆಸರು ಗೊತ್ತಿದ್ದರೆ ಮಾತಾಡುವಾಗ ಬಲ ಬರುತ್ತದೆ. "ಅರ್ಥ್ ಐಎಸ್ 3043 ಪ್ರಕಾರ ಮಾಡಿಕೊಡಿ" ಎಂದು ಹೇಳಿ ನೋಡಿ, ಕೆಲಸದ ರೀತಿಯೇ ಬದಲಾಗುತ್ತದೆ.

ಮನೆಗೆ ಬೇಕಾದಷ್ಟನ್ನು ಹೇಳುವುದಾದರೆ, ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಸರ್ಕಾರ ಗೊತ್ತುಮಾಡಿದ ಸಾಮರ್ಥ್ಯಕ್ಕಿಂತ ದೊಡ್ಡ ಜನರೇಟರ್ ಆದರೆ ಚಾಲೂ ಮಾಡುವ ಮುನ್ನ ಇದೇ ಇಲಾಖೆಯ ಇನ್‌ಸ್ಪೆಕ್ಟರ್ ನೋಡಿ ಒಪ್ಪಬೇಕು. ದೊಡ್ಡ ಡೀಸೆಲ್ ಸೆಟ್ ತರುವ ಯೋಚನೆ ಇದ್ದರೆ ದುಡ್ಡು ಕೊಡುವ ಮೊದಲೇ ಇದನ್ನು ಕೇಳಿಕೊಳ್ಳಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಅವರ ಒಪ್ಪಿಗೆ ಇಲ್ಲದೆ ಅವರ ಲೈನಿಗೆ ನಿಮ್ಮ ಜನರೇಟರ್ ಸೇರುವಂತಿಲ್ಲ.

ಯಾವುದಕ್ಕೆಲ್ಲ ಬೇಕು ಎಂದು ಮೊದಲು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಲೈಟು, ಫ್ಯಾನಿಗೆ 300 ವ್ಯಾಟ್. ಫ್ರಿಜ್ಜಿಗೆ 200. ಟಿವಿ, ವೈಫೈಗೆ 150. ಮಿಕ್ಸಿಗೆ 750. ಒಂದು ಬ್ಯಾಟರಿಯ ಇನ್ವರ್ಟರ್ ಚಾರ್ಜ್ ಆಗಲು ಸುಮಾರು 300. ಒಂದು ಎಚ್‌ಪಿ ಪಂಪಿಗೆ 1,100ರ ಆಸುಪಾಸು. ಒಂದು ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟರ್ ಕೊಡುವ ಕೆಲಸದ ಲೆಕ್ಕ. ಅದು ಎಳೆಯುವ ಕರೆಂಟ್ ಅದಕ್ಕಿಂತ ಜಾಸ್ತಿ. ಎಲ್ಲ ಸೇರಿ 2,800 ವ್ಯಾಟ್ ಆಯಿತು.

ಈ ಲೆಕ್ಕ ಕೆಡಿಸುವುದು ಪಂಪು. ಮೋಟರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 2.5 ಕೆವಿಎ ಜನರೇಟರ್ ತಂದವರು "ಲೈಟೆಲ್ಲ ಉರಿಯುತ್ತೆ, ಪಂಪ್ ಹಾಕಿದ ತಕ್ಷಣ ಗುಂಯ್ ಅಂತ ನಿಂತುಹೋಗುತ್ತೆ" ಎನ್ನುವುದು ಇದೇ ಕಾರಣಕ್ಕೆ. ಮೇಲಿನ ಪಟ್ಟಿಯ ಮನೆಗೆ 5 ಕೆವಿಎ ಸರಿಹೋಗುತ್ತದೆ, ಅದೂ ಪಂಪನ್ನು ಮೊದಲು ಸ್ಟಾರ್ಟ್ ಮಾಡಿ ಉಳಿದದ್ದನ್ನು ಆಮೇಲೆ ಹಾಕಿದರೆ. ಗೀಸರ್, ಇಂಡಕ್ಷನ್ ಒಲೆ, ಎಸಿ ಪಟ್ಟಿಯಲ್ಲಿ ಬೇಡ.

ಕೆವಿಎ ಅಂದರೆ ಕಿಲೋವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ 0.8 ಎಂದು ಬರೆದಿದ್ದರೆ 5 ಕೆವಿಎ ಅಂದರೆ 4 ಕಿಲೋವ್ಯಾಟ್ ಅಷ್ಟೇ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಎಷ್ಟೋ ಸಲ ಗರಿಷ್ಠ ಸಾಮರ್ಥ್ಯ. ಗಂಟೆಗಟ್ಟಲೆ ಓಡಿಸಬಹುದಾದ ರೇಟೆಡ್ ಸಾಮರ್ಥ್ಯ ಅದಕ್ಕಿಂತ ಕಡಿಮೆ ಇರುತ್ತದೆ, ಅದನ್ನು ನೇಮ್‌ಪ್ಲೇಟಿನಲ್ಲಿ ಹುಡುಕಿ.

ಎಲ್ಲಿ ಇಡಬೇಕು

ಮನೆಯ ಹೊರಗೆ. ಕಾರ್ ಶೆಡ್ಡಿನಲ್ಲಿ ಅಲ್ಲ, ಯುಟಿಲಿಟಿಯಲ್ಲಿ ಅಲ್ಲ, ಕಿಟಕಿಯ ಕೆಳಗೆ ಅಲ್ಲ, ಮುಕ್ಕಾಲು ಮುಚ್ಚಿದ ಕೊಟ್ಟಿಗೆಯಲ್ಲೂ ಅಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಮಲಗಿದವರು ಏಳದೇ ಹೋಗುತ್ತಾರೆ. ಮಳೆ ಬೀಳದಂತೆ ಮೇಲೆ ಶೀಟ್ ಹಾಕಿ, ನಾಲ್ಕೂ ಕಡೆ ಗಾಳಿ ಆಡಲು ಬಿಡಿ. ನೀರು ನಿಲ್ಲದಂತೆ ಕಾಂಕ್ರೀಟ್ ಕಟ್ಟೆ ಇರಲಿ.

ದೊಡ್ಡ ಡೀಸೆಲ್ ಸೆಟ್ ಇಡುವವರಿಗೆ ಇನ್ನೆರಡು ಲೆಕ್ಕ ಇವೆ. ಮುಚ್ಚಿದ ಪೆಟ್ಟಿಗೆಯ ಸೆಟ್ಟಿನ ಶಬ್ದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ಹೊಗೆಕೊಳವೆ ಕಟ್ಟಡಕ್ಕಿಂತ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಬೇಕು. 25 ಕೆವಿಎ ಆದರೆ ಒಂದು ಮೀಟರ್.

ಚೇಂಜ್‌ಓವರ್ ಸ್ವಿಚ್

ಜನರೇಟರಿನ ವೈರಿಗೆ ಪ್ಲಗ್ ಹಾಕಿ ಮನೆಯ ಯಾವುದೋ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಅಭ್ಯಾಸ ಇದೆ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಅದು. ಮೇನ್ ಸ್ವಿಚ್ ಆಫ್ ಮಾಡುತ್ತೇವಲ್ಲ, ಏನಾಗುತ್ತೆ ಎಂದು ಕೇಳುತ್ತಾರೆ. ಒಂದು ತುದಿ ಕಳಚಿ ಬಿದ್ದರೆ ಆ ಪ್ಲಗ್ಗಿನ ಪಿನ್ನುಗಳಲ್ಲಿ 230 ವೋಲ್ಟ್ ಬಯಲಲ್ಲೇ ಇರುತ್ತದೆ. ಮೇನ್ ಆಫ್ ಮಾಡಲು ಒಂದು ದಿನ ಮರೆತರೆ ಆಗುವುದು ಅದಕ್ಕಿಂತ ಕೆಟ್ಟದ್ದು.

ಬೀದಿಯ ಟಿಸಿ (ಟ್ರಾನ್ಸ್‌ಫಾರ್ಮರ್) 11,000 ವೋಲ್ಟನ್ನು ನಮ್ಮ ಮನೆಯ ಮಟ್ಟಕ್ಕೆ ಇಳಿಸುತ್ತದೆ. ಅದೇ ಟಿಸಿಗೆ ಮನೆ ಕಡೆಯಿಂದ 230 ವೋಲ್ಟ್ ನುಗ್ಗಿಸಿದರೆ ಮೇಲಿನ ಲೈನಿನಲ್ಲಿ ಹತ್ತು ಸಾವಿರ ವೋಲ್ಟ್ ಎದ್ದು ನಿಲ್ಲುತ್ತದೆ. ಊರಿನ ಲೋಡೆಲ್ಲ ಎಳೆದು ಜನರೇಟರ್ ನಿಂತೇ ಹೋಗುತ್ತೆ ಅನ್ನುವವರಿದ್ದಾರೆ. ಮರ ಬಿದ್ದು ಲೈನ್ ತುಂಡಾಗಿ, ಆ ತುಂಡಿನಲ್ಲಿ ನಿಮ್ಮ ಮನೆಯೊಂದೇ ಉಳಿದಿದ್ದರೆ ಅದು ನಿಲ್ಲಬೇಕೆಂದೇನೂ ಇಲ್ಲ. ಮಳೆಯಲ್ಲಿ ನೆನೆಯುತ್ತ, ನಮಗೋಸ್ಕರವೇ ಕಂಬ ಹತ್ತಿದ ಲೈನ್‌ಮ್ಯಾನ್ ಆ ತಂತಿಯನ್ನು ಮುಟ್ಟುತ್ತಾನೆ. ಅವನು ಫೀಡರ್ ಆಫ್ ಮಾಡಿಸಿಕೊಂಡೇ ಹತ್ತಿರುತ್ತಾನೆ. ನಮ್ಮ ಮನೆಯಿಂದ ಕರೆಂಟ್ ಬರುತ್ತಿದೆ ಎಂದು ಅವನಿಗೆ ತಿಳಿಯುವ ದಾರಿಯೇ ಇಲ್ಲ.

ಹಾಗಾಗಿ ಇದನ್ನು ನೆನಪಿನ ಮೇಲೆ ಬಿಡಬಾರದು, ಸ್ವಿಚ್ಚಿನ ಮೇಲೆ ಬಿಡಬೇಕು. ಚೇಂಜ್‌ಓವರ್ ಸ್ವಿಚ್ಚಿಗೆ ಮೂರು ಸ್ಥಾನ: ಒಂದು, ಸೊನ್ನೆ, ಎರಡು. ಒಂದರಲ್ಲಿ ಇಟ್ಟರೆ ಬೀದಿಯ ಕರೆಂಟ್, ಎರಡರಲ್ಲಿ ಜನರೇಟರ್, ಸೊನ್ನೆಯಲ್ಲಿ ಯಾವುದೂ ಇಲ್ಲ. ಹಿಡಿ ಒಂದೇ ಇರುವುದರಿಂದ ಒಂದರಿಂದ ಎರಡಕ್ಕೆ ಹೋಗಲು ಸೊನ್ನೆಯನ್ನು ದಾಟಲೇಬೇಕು. ಕೊಳ್ಳುವಾಗ ಹಿಡಿಯನ್ನು ತಿರುಗಿಸಿ ನೋಡಿ. ಸೊನ್ನೆಯಲ್ಲಿ ಟಕ್ ಎಂದು ಕೂತು ನಿಲ್ಲಬೇಕು, ನಡುವೆ ಎಲ್ಲೂ ತೇಲಬಾರದು.

ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ತ್ರೀ ಫೇಸ್ ಮನೆಗೆ ನಾಲ್ಕು ಪೋಲಿನದು ಬೇಕು. ಅಂದರೆ ಕರೆಂಟ್ ತರುವ ಫೇಸಿನ ಜೊತೆ ವಾಪಸ್ ಒಯ್ಯುವ ನ್ಯೂಟ್ರಲ್ ಕೂಡ ಕಡಿಯಬೇಕು. ದುಡ್ಡು ಉಳಿಸಲು ಫೇಸ್ ಮಾತ್ರ ಬದಲಿಸಿ ನ್ಯೂಟ್ರಲನ್ನು ಒಟ್ಟಿಗೆ ಕಟ್ಟಿಬಿಡುವವರಿದ್ದಾರೆ. ಯಾಕೆ ಕೂಡದು ಎಂದು ಮುಂದಿನ ಭಾಗದಲ್ಲಿ ಹೇಳುತ್ತೇನೆ.

ಸ್ವಿಚ್ಚಿನ ಜಾಗ ಮೀಟರ್ ಮತ್ತು ಮೇನ್ ಸ್ವಿಚ್ ಆದ ಮೇಲೆ, ಮನೆಯ ಡಿಬಿಗಿಂತ (ಕರೆಂಟ್ ಹಂಚುವ ಪೆಟ್ಟಿಗೆ) ಮೊದಲು. ಮೀಟರಿಗಿಂತ ಮೊದಲು ಏನನ್ನೂ ಮುಟ್ಟುವಂತಿಲ್ಲ. ಆಂಪಿಯರ್ ಜನರೇಟರಿಗೆ ಹೊಂದಿದರೆ ಸಾಲದು, ಬೀದಿಯಿಂದ ಬರುವ ಪೂರ್ತಿ ಲೋಡನ್ನೂ ತಡೆಯಬೇಕು. ಬೀದಿ ಕಡೆಯ ಟರ್ಮಿನಲ್ಲಿಗೆ ಒಂದು ಇಂಡಿಕೇಟರ್ ದೀಪ ಹಾಕಿಸಿ. ಕರೆಂಟ್ ಬಂತೋ ಇಲ್ಲವೋ ಎಂದು ನೋಡಲು ಜನರೇಟರ್ ನಿಲ್ಲಿಸುವ ಕಷ್ಟ ತಪ್ಪುತ್ತದೆ.

ತಾನಾಗಿ ಬದಲಾಗುವ ಎಟಿಎಸ್ ಹಾಕಿಸುವವರು ಒಂದನ್ನು ಕೇಳಿ. ಅದರೊಳಗೆ ಕರೆಂಟನ್ನು ಜೋಡಿಸಿ ಕಡಿಯುವ ಎರಡು ಕಾಂಟ್ಯಾಕ್ಟರ್‌ಗಳ ನಡುವೆ ಮೆಕ್ಯಾನಿಕಲ್ ಇಂಟರ್‌ಲಾಕ್ ಇದೆಯೇ? ವೈರಿನ ಮೂಲಕ ಮಾಡಿದ ಇಂಟರ್‌ಲಾಕ್ ಒಂದನ್ನೇ ನಂಬಬೇಡಿ. ಕಾಂಟ್ಯಾಕ್ಟರಿನ ತುದಿಗಳು ಬಿಸಿಗೆ ಬೆಸೆದುಕೊಂಡರೆ ಎರಡೂ ಒಟ್ಟಿಗೆ ಕೂಡದಂತೆ ತಡೆಯಲು ಒಂದು ಕಬ್ಬಿಣದ ಅಡ್ಡಿಯೇ ಬೇಕು.

ನ್ಯೂಟ್ರಲ್

ಬೀದಿಯ ಕರೆಂಟಿನಲ್ಲಿ ನ್ಯೂಟ್ರಲ್ಲನ್ನು ಟಿಸಿಯ ಹತ್ತಿರ ಭೂಮಿಗೆ ಕೊಟ್ಟಿರುತ್ತಾರೆ. ಫ್ರಿಜ್ಜಿನ ಒಳಗೆ ಫೇಸ್ ವೈರ್ ಸವೆದು ಬಾಡಿಗೆ ತಾಗಿತು ಎನ್ನಿ. ಕರೆಂಟ್ ಅರ್ಥ್ ವೈರಿನಲ್ಲಿ ಇಳಿದು, ಮಣ್ಣಿನ ಮೂಲಕ ಟಿಸಿಯ ನ್ಯೂಟ್ರಲ್ಲಿಗೆ ವಾಪಸ್ ಹೋಗುತ್ತದೆ. ಹೋದ ಕರೆಂಟಿಗೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಕಂಡ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಮನೆಗೆ ಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಜೀವ ಉಳಿಸುವುದು ಹೀಗೆ.

ಈಗ ಸಣ್ಣ ಪೆಟ್ರೋಲ್ ಜನರೇಟರ್ ನೋಡಿ. ಇಂಥ ಎಷ್ಟೋ ಜನರೇಟರುಗಳಲ್ಲಿ ನ್ಯೂಟ್ರಲ್ ಎಂಬುದು ಹೆಸರಿಗೆ ಮಾತ್ರ. ವೈಂಡಿಂಗಿನ ಎರಡು ತುದಿ ಸಾಕೆಟ್ಟಿಗೆ ಬಂದಿರುತ್ತವೆ, ಯಾವ ತುದಿಯೂ ಬಾಡಿಗಾಗಲೀ ಭೂಮಿಗಾಗಲೀ ಸೇರಿರುವುದಿಲ್ಲ. ಇದನ್ನೇ ಫ್ಲೋಟಿಂಗ್ ನ್ಯೂಟ್ರಲ್ ಎನ್ನುತ್ತಾರೆ. ಅಂಥ ಜನರೇಟರ್ ಓಡುವಾಗ ಅದರ ಸಾಕೆಟ್ಟಿಗೆ ಟೆಸ್ಟರ್ ಚುಚ್ಚಿದರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯಬಹುದು, ಇಲ್ಲವೇ ಎರಡರಲ್ಲೂ ಉರಿಯದೇ ಇರಬಹುದು. ಟೆಸ್ಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಅಲ್ಲಿ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂಬುದು ಇನ್ನೂ ತೀರ್ಮಾನವೇ ಆಗಿಲ್ಲ.

ಈ ಜನರೇಟರಿನಿಂದ ಮನೆ ನಡೆಯುವಾಗ ಅದೇ ಫ್ರಿಜ್ಜಿನ ಬಾಡಿಗೆ ಫೇಸ್ ತಾಗಿದರೆ, ಸೋರಿದ ಕರೆಂಟಿಗೆ ಜನರೇಟರಿಗೆ ವಾಪಸ್ ಹೋಗಲು ದಾರಿಯೇ ಇಲ್ಲ. ದಾರಿ ಇಲ್ಲದಿದ್ದರೆ ವ್ಯತ್ಯಾಸವೂ ಇಲ್ಲ, ಆರ್‌ಸಿಸಿಬಿ ಸುಮ್ನೆ ಕೂತಿರುತ್ತದೆ. ದಾರಿಯೇ ಇಲ್ಲದ ಮೇಲೆ ಶಾಕೂ ಹೊಡೆಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಆ ಮೊದಲ ದೋಷದ ಮಟ್ಟಿಗೆ ಅದು ಸರಿ. ತೋಟದಲ್ಲಿ ಒಂದೇ ಒಂದು ಡ್ರಿಲ್ ಮಷಿನ್ ನಡೆಸುವವರಿಗೆ ಫ್ಲೋಟಿಂಗ್ ನ್ಯೂಟ್ರಲ್ ತೊಂದರೆ ಕೊಡದು. ಮನೆಯ ವೈರಿಂಗ್ ಹಾಗಲ್ಲ. ಹತ್ತಾರು ಉಪಕರಣ, ನೂರಾರು ಅಡಿ ವೈರ್, ಮಳೆಗಾಲದ ಒದ್ದೆ ಗೋಡೆ. ಮೊದಲ ದೋಷ ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ, ಇನ್ನೊಂದು ತಂತಿಯಲ್ಲಿ ಎರಡನೇ ದೋಷ ಬಂದ ದಿನ ಯಾರ ಕೈ ಅಲ್ಲಿದೆಯೋ ಅವರ ಮೈಯೇ ದಾರಿಯಾಗುತ್ತದೆ.

ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ ಒತ್ತಿ ಸಮಾಧಾನಪಡಬೇಡಿ. ಆ ಬಟನ್ ಒಳಗೇ ಒಂದು ರೆಸಿಸ್ಟರ್ ಮೂಲಕ ಫೇಸಿನಿಂದ ನ್ಯೂಟ್ರಲ್ಲಿಗೆ ಕರೆಂಟ್ ಹರಿಸಿ ಕೃತಕ ವ್ಯತ್ಯಾಸ ಮಾಡುತ್ತದೆ. ಅರ್ಥ್ ಇಲ್ಲದಿದ್ದರೂ, ನ್ಯೂಟ್ರಲ್ ತೇಲುತ್ತಿದ್ದರೂ ಅದು ಟಪ್ ಎಂದು ಬೀಳುತ್ತದೆ. ಯಂತ್ರ ಸರಿಯಿದೆ ಎಂದಷ್ಟೇ ಅದರಿಂದ ಗೊತ್ತಾಗುವುದು.

ಪರಿಹಾರ ಚಿಕ್ಕದು. ಜನರೇಟರಿನ ಹತ್ತಿರ ಒಂದು ಬಾಕ್ಸ್ ಕೂರಿಸಿ, ಅದರೊಳಗೆ ಜನರೇಟರಿನ ನ್ಯೂಟ್ರಲ್ಲನ್ನು ಅರ್ಥ್ ಬಾರಿಗೆ ದಪ್ಪ ತಾಮ್ರದ ವೈರಿನಿಂದ ಸೇರಿಸಬೇಕು. ಈಗ ಜನರೇಟರ್ ಕೂಡ ಒಂದು ಪುಟ್ಟ ಟಿಸಿಯ ಹಾಗೆ ಆಯಿತು. ಸೋರಿದ ಕರೆಂಟಿಗೆ ವಾಪಸ್ ದಾರಿ ಸಿಕ್ಕಿತು, ಆರ್‌ಸಿಸಿಬಿ ಎಚ್ಚರವಾಯಿತು. ಈ ಜೋಡಣೆ ಒಂದೇ ಕಡೆ ಇರಬೇಕು, ಆರ್‌ಸಿಸಿಬಿಗಿಂತ ಮೊದಲೇ ಇರಬೇಕು. ಡಿಬಿಯಲ್ಲಿ ಇನ್ನೊಮ್ಮೆ ನ್ಯೂಟ್ರಲ್, ಅರ್ಥ್ ಸೇರಿಸಿದರೆ ನ್ಯೂಟ್ರಲ್ಲಿನ ಕರೆಂಟ್ ಅರ್ಥ್ ವೈರಿನಲ್ಲೂ ಹರಿಯುತ್ತದೆ, ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ.

ಕೆಲವು ಜನರೇಟರುಗಳಲ್ಲಿ ಈ ಜೋಡಣೆ ಕಂಪನಿಯಿಂದಲೇ ಇರುತ್ತದೆ. ಜನರೇಟರ್ ನಿಲ್ಲಿಸಿ, ಎಲ್ಲ ವೈರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಪಿನ್ನಿಗೂ ಅರ್ಥ್ ಪಿನ್ನಿಗೂ ಕಂಟಿನ್ಯುಟಿ (ಎರಡೂ ಒಳಗೆ ಸೇರಿವೆಯೇ ಎಂದು) ನೋಡಿದರೆ ತಿಳಿಯುತ್ತದೆ. ಇದ್ದರೆ ಎರಡನೆಯದು ಬೇಡ. ಇನ್ವರ್ಟರ್ ಮಾದರಿಯ ಜನರೇಟರ್ ಆದರೆ ಮ್ಯಾನ್ಯುಯಲ್ ನೋಡದೆ ಜೋಡಿಸಬೇಡಿ, ಒಳಗಿನ ಎಲೆಕ್ಟ್ರಾನಿಕ್ಸ್ ಅದಕ್ಕೆ ಒಪ್ಪಬೇಕು.

ಈಗ ಎರಡು ಪೋಲಿನ ಚೇಂಜ್‌ಓವರ್ ಯಾಕೆ ಬೇಕು ಎಂಬುದು ಹೊಳೆದಿರಬೇಕು. ನ್ಯೂಟ್ರಲ್ ಕಡಿಯದೆ ಬಿಟ್ಟರೆ ಬೀದಿಯ ನ್ಯೂಟ್ರಲ್ ನಿಮ್ಮ ಜನರೇಟರಿನ ಬಾಕ್ಸಿನ ಮೂಲಕ ನಿಮ್ಮ ಅರ್ಥ್ ಗುಂಡಿಗೆ ಸದಾ ಸೇರಿಕೊಂಡಿರುತ್ತದೆ. ಬೀದಿಯಲ್ಲಿ ನ್ಯೂಟ್ರಲ್ ತುಂಡಾದ ದಿನ ಅಕ್ಕಪಕ್ಕದ ಮನೆಗಳ ಕರೆಂಟೆಲ್ಲ ನಿಮ್ಮ ಗುಂಡಿಯಲ್ಲಿ ದಾರಿ ಹುಡುಕುತ್ತದೆ. ಆಗ ನಿಮ್ಮ ಮನೆಯ ಪ್ರತಿ ಲೋಹದ ಬಾಡಿಗೂ ವೋಲ್ಟೇಜ್ ಬರುತ್ತದೆ, ಅದೂ ಅರ್ಥ್ ವೈರಿನ ಮೂಲಕವೇ.

ಅರ್ಥ್ ಗುಂಡಿ

ಜನರೇಟರಿನ ಪಕ್ಕದಲ್ಲೇ ಒಂದು ಅರ್ಥ್ ಮಾಡಿಸಿ. ಐಎಸ್ 3043 ಪ್ರಕಾರ ಜಿಐ ಪೈಪ್ ಆದರೆ ಒಳವ್ಯಾಸ ಕನಿಷ್ಠ 38 ಮಿಲಿಮೀಟರ್, ಉದ್ದ ಕನಿಷ್ಠ 2.5 ಮೀಟರ್. ಪ್ಲೇಟ್ ಆದರೆ 60 ಸೆಂಟಿಮೀಟರ್ ಚೌಕ. ಮೊಳ ಉದ್ದದ ಕಬ್ಬಿಣದ ಸರಳು ಹೊಡೆದು ಅರ್ಥ್ ಆಯಿತು ಎನ್ನುವವರನ್ನು ಒಪ್ಪಬೇಡಿ. ತ್ರೀ ಫೇಸ್ ಜನರೇಟರ್ ಆದರೆ ನಿಯಮ ಇನ್ನೂ ಬಿಗಿ. ಬಾಡಿಯಿಂದ ಎರಡು ಬೇರೆ ಬೇರೆ ಅರ್ಥ್ ಜೋಡಣೆ, ನ್ಯೂಟ್ರಲ್ಲಿಗೂ ಎರಡು.

ಹೊಸ ಅರ್ಥನ್ನು ಮನೆಯ ಹಳೆಯ ಅರ್ಥ್ ಬಾರಿಗೆ ತಾಮ್ರದ ವೈರಿನಿಂದ ಸೇರಿಸಲೇಬೇಕು. ಎರಡನ್ನೂ ಬೇರೆ ಬೇರೆ ಬಿಟ್ಟರೆ ಸೋರಿದ ಕರೆಂಟ್ ಒಂದು ಗುಂಡಿಯಿಂದ ಇನ್ನೊಂದಕ್ಕೆ ಮಣ್ಣಿನಲ್ಲಿ ಹರಿಯಬೇಕಾಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಕರೆಂಟಿಗೆ ಸುಲಭಕ್ಕೆ ದಾರಿ ಕೊಡುವುದಿಲ್ಲ. ದಾರಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 20 ಆಂಪಿಯರ್ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಅದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ಅರ್ಥ್ ಚೆನ್ನಾಗಿದೆ, ಆರ್‌ಸಿಸಿಬಿ ಬೇಡ ಅನ್ನುವ ವಾದ ನಿಲ್ಲದಿರುವುದು ಇದಕ್ಕೇ.

ವೈರ್ ಮತ್ತು ಎಂಸಿಬಿ

5 ಕೆವಿಎ ಜನರೇಟರ್ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಕೊಡುತ್ತದೆ. ಇದಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಸಾಲದು. 4 ಸ್ಕ್ವೇರ್ ಎಂಎಂ ತಾಮ್ರ ಹಾಕಿಸಿ, ಜನರೇಟರ್ 20 ಮೀಟರಿಗಿಂತ ದೂರ ಇದ್ದರೆ 6. ನಾಲ್ಕರ ವೈರಿನಲ್ಲಿ 20 ಮೀಟರಿಗೆ ಸುಮಾರು 4 ವೋಲ್ಟ್ ಕಳೆಯುತ್ತದೆ, ಅಷ್ಟು ಪರವಾಗಿಲ್ಲ. ನೆಲದಡಿ ಹೋಗುವುದಾದರೆ ಆರ್ಮರ್ಡ್ ಕೇಬಲ್ ಇರಲಿ. ಹಂದಿ, ಹೆಗ್ಗಣ ಇರುವ ತೋಟದ ಮನೆಗಳಲ್ಲಿ ಬರೀ ಪಿವಿಸಿ ಪೈಪಿನ ಮೇಲೆ ಭರವಸೆ ಇಡಬೇಡಿ.

ಬಣ್ಣದ ವಿಷಯದಲ್ಲಿ ಹುಷಾರು. ನಮ್ಮ ಮನೆಗಳ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊರದೇಶದಿಂದ ಬಂದ ಜನರೇಟರುಗಳಲ್ಲಿ ಕಂದು ಬಣ್ಣ ಫೇಸು, ನೀಲಿ ನ್ಯೂಟ್ರಲ್. ಅಲ್ಲಿನ ನೀಲಿ ಇಲ್ಲಿನ ನೀಲಿ ಅಲ್ಲ. ಬಣ್ಣ ನೋಡಿ ಸೇರಿಸದೆ ಮೀಟರ್ ಹಿಡಿದು ನೋಡಿ ಸೇರಿಸಲು ಹೇಳಿ.

ಜನರೇಟರಿನ ಬಾಕ್ಸಿನಲ್ಲಿ ಅದರ ಅಳತೆಯ ಎರಡು ಪೋಲಿನ ಎಂಸಿಬಿ ಇರಬೇಕು, 5 ಕೆವಿಎಗೆ 20 ಆಂಪಿಯರ್. ಡಿಬಿಯಲ್ಲಿರುವ 32 ಆಂಪಿಯರ್ ಎಂಸಿಬಿ ಸಾಕು ಎನ್ನುವುದು ತಪ್ಪು ಲೆಕ್ಕ. ಸಿ ಮಾದರಿಯ 32 ಆಂಪಿಯರ್ ಎಂಸಿಬಿ ಶಾರ್ಟ್ ಸರ್ಕ್ಯೂಟಿಗೆ ತಕ್ಷಣ ಬೀಳಲು ಅದರ ಐದರಿಂದ ಹತ್ತು ಪಟ್ಟು, ಅಂದರೆ 160 ಆಂಪಿಯರಿಗಿಂತ ಜಾಸ್ತಿ ಬೇಕು. ಬೀದಿಯ ಟಿಸಿ ಅಷ್ಟು ಕೊಡುತ್ತದೆ. 22 ಆಂಪಿಯರಿನ ಜನರೇಟರ್ ಎಲ್ಲಿಂದ ತರುತ್ತದೆ? ಶಾರ್ಟ್ ಆದಾಗ ಎಂಸಿಬಿ ಬೀಳುವ ಬದಲು ಜನರೇಟರ್ ಹೆಣಗಾಡಿ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಜನರೇಟರ್ ಬಾಕ್ಸಿಗೆ ಮೂರರಿಂದ ಐದು ಪಟ್ಟಿಗೇ ಬೀಳುವ ಬಿ ಮಾದರಿಯ ಎಂಸಿಬಿ ಕೇಳಿ. ಪಂಪ್ ಸ್ಟಾರ್ಟ್ ಆಗುವಾಗ ಅದು ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಜೊತೆ ಕೂತು ಯೋಚಿಸಿ. ದೊಡ್ಡ ಎಂಸಿಬಿ ಹಾಕಿ ಬಾಯಿ ಮುಚ್ಚಿಸುವುದು ಉತ್ತರ ಅಲ್ಲ.

ತ್ರೀ ಫೇಸ್ ಮನೆ, ಇನ್ವರ್ಟರ್, ಸೋಲಾರ್

ಮನೆಗೆ ತ್ರೀ ಫೇಸ್, ಜನರೇಟರ್ ಸಿಂಗಲ್ ಫೇಸ್: ಇದು ತುಂಬ ಸಾಮಾನ್ಯ. ನಾಲ್ಕು ಪೋಲಿನ ಚೇಂಜ್‌ಓವರಿನ ಜನರೇಟರ್ ಕಡೆ ಮೂರು ಫೇಸ್ ಟರ್ಮಿನಲ್ಲುಗಳನ್ನೂ ಒಂದು ಮಾಡಿ ಕೊಡುತ್ತಾರೆ. ಬೀದಿಯ ತ್ರೀ ಫೇಸಿನಲ್ಲಿ ಮೂರರ ಕರೆಂಟ್ ನ್ಯೂಟ್ರಲ್ಲಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ಇಲ್ಲಿ ಹಾಗಾಗದು, ಮೂರೂ ಕೂಡಿಕೊಂಡು ನ್ಯೂಟ್ರಲ್ ಮೇಲೆ ಬೀಳುತ್ತವೆ. ಜನರೇಟರಿನ ಎಂಸಿಬಿ ಸರಿಯಾದ ಅಳತೆಯದಿದ್ದರೆ, ನ್ಯೂಟ್ರಲ್ ವೈರ್ ಅದನ್ನು ತಡೆಯುವಷ್ಟು ದಪ್ಪ ಇದ್ದರೆ ತೊಂದರೆ ಇಲ್ಲ. ಆದರೆ ತ್ರೀ ಫೇಸ್ ಮೋಟರನ್ನು ಇದರಲ್ಲಿ ಓಡಿಸುವಂತಿಲ್ಲ, ಸುಟ್ಟುಹೋಗುತ್ತದೆ. ತೋಟದ ಪಂಪಿನ ಲೈನ್ ಚೇಂಜ್‌ಓವರಿಗಿಂತ ಮೊದಲೇ ಬೇರೆಯಾಗಿ ಹೋಗಿರಲಿ.

ಇನ್ವರ್ಟರಿಗೆ ಹೋಗುವ ಇನ್‌ಪುಟ್ ಚೇಂಜ್‌ಓವರ್ ಆದ ಮೇಲೆ ಬರಬೇಕು, ಆಗ ಜನರೇಟರಿನಿಂದಲೂ ಬ್ಯಾಟರಿ ಚಾರ್ಜ್ ಆಗುತ್ತದೆ. "ಜನರೇಟರ್ ಓಡ್ತಿದ್ರೂ ಇನ್ವರ್ಟರ್ ಬ್ಯಾಟರಿಯಲ್ಲೇ ನಡೀತಿದೆ" ಎಂಬ ದೂರು ಬಂದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ ನೋಡಿ. ಯುಪಿಎಸ್ ಮೋಡಿನಲ್ಲಿ ಅದು ಸುಮಾರು 180ರಿಂದ 260 ವೋಲ್ಟ್ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಇನ್ನೊಂದು ಮೋಡಿನಲ್ಲಿ 100ರಿಂದ 290ರವರೆಗೂ ತೆಗೆದುಕೊಳ್ಳುತ್ತದೆ. ಇನ್ವರ್ಟರ್ ಸರ್ಕ್ಯೂಟಿನ ನ್ಯೂಟ್ರಲ್ ಬೇರೊಂದು ಆರ್‌ಸಿಸಿಬಿಯ ನ್ಯೂಟ್ರಲ್ ಜೊತೆ ಬೆರೆತಿದ್ದರೆ ಟ್ರಿಪ್ ಆಗುತ್ತಲೇ ಇರುತ್ತದೆ. ಹಳೆಯ ಮನೆಗಳಲ್ಲಿ ಇದನ್ನು ಹುಡುಕಲು ಅರ್ಧ ದಿನ ಬೇಕಾಗಬಹುದು. ಆರ್‌ಸಿಸಿಬಿ ತೆಗೆದುಹಾಕಿ ಸಮಸ್ಯೆ ಮುಗಿಸಲು ಮಾತ್ರ ಬಿಡಬೇಡಿ.

ಚಾವಣಿಯಲ್ಲಿ ನೆಟ್ ಮೀಟರಿಂಗ್ ಸೋಲಾರ್ (ಮನೆಗೆ ಬೇಡವಾದ ಕರೆಂಟನ್ನು ಬೀದಿಯ ಲೈನಿಗೆ ಕೊಡುವಂಥದ್ದು) ಇದ್ದರೆ ಅದರ ಜೋಡಣೆ ಚೇಂಜ್‌ಓವರಿನ ಬೀದಿ ಕಡೆಗೇ ಇರಬೇಕು. ಬೀದಿಯ ಕರೆಂಟ್ ಹೋದಾಗ ಸೋಲಾರ್ ಇನ್ವರ್ಟರ್ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ಮನೆ ಕಡೆಗೆ ಜೋಡಿಸಿದ್ದರೆ ಅದು ಜನರೇಟರನ್ನೇ ಬೀದಿಯ ಕರೆಂಟ್ ಎಂದು ನಂಬಿ ಎದ್ದು ಕೂತು, ಮನೆಗೆ ಬೇಡವಾದ ಕರೆಂಟನ್ನು ಜನರೇಟರಿನೊಳಗೆ ನೂಕುತ್ತದೆ. ಜನರೇಟರ್ ಹಾಳಾಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೆಲ್ಲ ಅಸೋಸಿಯೇಷನ್ ಕೆಲಸ. ನಿಮ್ಮ ಫ್ಲ್ಯಾಟಿನಲ್ಲಿ ಇರುವುದು ಎಸಿಸಿಎಲ್ ಎಂಬ ಚಿಕ್ಕ ಪೆಟ್ಟಿಗೆ. ನಿಮಗೆ ಕೊಟ್ಟ ಮಿತಿಗಿಂತ ಜಾಸ್ತಿ ಎಳೆದರೆ ಅದು ಕಡಿದು ಮತ್ತೆ ಜೋಡಿಸುತ್ತದೆ. ಅದನ್ನು ಬೈಪಾಸ್ ಮಾಡಿಸುವುದು ಇಡೀ ಕಟ್ಟಡದ ಜನರೇಟರಿಗೆ ಹೊರೆ.

ಒಪ್ಪಿಸಿಕೊಳ್ಳುವ ಮುನ್ನ

ಎಲೆಕ್ಟ್ರಿಷಿಯನ್ ಹೊರಡುವ ಮುನ್ನ ಇವನ್ನು ನಿಮ್ಮೆದುರೇ ಮಾಡಿಸಿ. ಬೀದಿಯ ಕರೆಂಟ್ ಇರುವಾಗಲೇ ಚೇಂಜ್‌ಓವರನ್ನು ಜನರೇಟರ್ ಕಡೆ ಹಾಕಿ, ಜನರೇಟರ್ ಸ್ಟಾರ್ಟ್ ಮಾಡಬೇಡಿ. ಮನೆಯಲ್ಲಿ ಇನ್ವರ್ಟರಿನದು ಬಿಟ್ಟು ಒಂದು ದೀಪವೂ ಉರಿಯಬಾರದು, ಜನರೇಟರಿನ ಟರ್ಮಿನಲ್ಲಿಗೆ ಬೀದಿಯ ಕರೆಂಟ್ ಬಂದಿರಬಾರದು. ಆಮೇಲೆ ಜನರೇಟರ್ ಸ್ಟಾರ್ಟ್ ಮಾಡಿ, ಲೋಡ್ ಹಾಕುವ ಮೊದಲು ವೋಲ್ಟೇಜ್ 230, ಫ್ರೀಕ್ವೆನ್ಸಿ 50ರ ಹತ್ತಿರ ಇದೆಯೇ ನೋಡಿ.

ಕೊನೆಗೆ ನಿಜವಾದ ಪರೀಕ್ಷೆ. ಸಾಕೆಟ್ಟಿಗೆ ಚುಚ್ಚುವ ಆರ್‌ಸಿಸಿಬಿ ಟೆಸ್ಟರ್ ಸಿಗುತ್ತದೆ. ಅದು ಫೇಸಿನಿಂದ ಅರ್ಥಿಗೆ 30 ಮಿಲಿಆಂಪಿಯರಿನಷ್ಟು ಕರೆಂಟ್ ಹರಿಸುತ್ತದೆ. ಬೀದಿಯ ಕರೆಂಟಿನಲ್ಲಿ ಒಮ್ಮೆ, ಜನರೇಟರಿನಲ್ಲಿ ಒಮ್ಮೆ ಒತ್ತಿ ನೋಡಲು ಹೇಳಿ. ಬೀದಿಯದರಲ್ಲಿ ಬಿದ್ದು ಜನರೇಟರಿನಲ್ಲಿ ಬೀಳದಿದ್ದರೆ ನ್ಯೂಟ್ರಲ್–ಅರ್ಥ್ ಜೋಡಣೆ ಆಗಿಲ್ಲ ಎಂದೇ ಅರ್ಥ. ಬೀಳುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಚೇಂಜ್‌ಓವರಿನ ಪಕ್ಕ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ನೀವು ಊರಲ್ಲಿಲ್ಲದ ದಿನ ಅಮ್ಮನೋ, ತೋಟದ ಕೆಲಸದವರೋ ಅದನ್ನು ಮಾಡಬೇಕಾಗುತ್ತದೆ. ಹಿಡಿ ಸೊನ್ನೆಗೆ. ಜನರೇಟರ್ ಸ್ಟಾರ್ಟ್. ಎರಡು ನಿಮಿಷ ಬಿಡಿ. ಹಿಡಿ ಎರಡಕ್ಕೆ. ಪಂಪ್ ಬೇಕಿದ್ದರೆ ಮೊದಲು ಪಂಪ್, ಆಮೇಲೆ ಉಳಿದದ್ದು. ನಿಲ್ಲಿಸುವಾಗ ಲೋಡೆಲ್ಲ ಆಫ್, ಹಿಡಿ ಸೊನ್ನೆಗೆ, ಎರಡು ಮೂರು ನಿಮಿಷ ಖಾಲಿ ಓಡಿಸಿ ನಿಲ್ಲಿಸಿ. ಪೆಟ್ರೋಲ್ ಹಾಕುವುದು ಎಂಜಿನ್ ತಣ್ಣಗಾದ ಮೇಲೆ ಮಾತ್ರ. ಬೀದಿ ಕಡೆಯ ಇಂಡಿಕೇಟರ್ ದೀಪ ಉರಿಯುತ್ತಿದ್ದರೆ ಹಿಡಿ ಒಂದಕ್ಕೆ. ಚೀಟಿಯ ಕೆಳಗೆ ವಿದ್ಯುತ್ ದೂರಿನ ನಂಬರ್ 1912 ಬರೆದಿಡಿ. ತಂತಿ ನೆಲಕ್ಕೆ ಬಿದ್ದಿದ್ದರೆ ಮೊದಲು ಆ ಫೋನು, ಆಮೇಲೆ ಜನರೇಟರ್.